ಬೆವರುವ ಡಬ್ಬ: ವ್ಯಾಯಾಮದ ಬಟ್ಟೆ ಎಷ್ಟು ತಣಿಸುತ್ತದೆ ಎಂದು ವಾಟ್‌ನಲ್ಲಿ ಅಳೆಯುವ ಉಪಕರಣ

ಅಂಗಡಿಯ ಟೀ ಶರ್ಟಿನ ಚೀಟಿಯಲ್ಲಿ ‘ಕ್ವಿಕ್ ಡ್ರೈ’ ಎಂದಿರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಗೆದು ಹರವುವವರಿಗೆ ಅದು ಉಪಕಾರಿ, ನಿಜ. ಓಡುವಾಗ ಮೈಯನ್ನು ಎಷ್ಟು ತಣ್ಣಗಿಟ್ಟಿತು ಎಂಬುದು ಮಾತ್ರ ಆ ಚೀಟಿಯಿಂದ ಗೊತ್ತಾಗುವುದಿಲ್ಲ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2.42 ಕಿಲೋಜೂಲ್ ಶಾಖ ಬೇಕು. ಆ ಶಾಖ ಚರ್ಮದಿಂದಲೇ ಹೋದರೆ ಮೈ ತಣಿಯಿತು. ಬೆವರು ಬಟ್ಟೆಯ ಹೊರಮೈಗೆ ಹೋಗಿ ಅಲ್ಲಿ ಆವಿಯಾದರೆ ಒಂದಷ್ಟು ಶಾಖವನ್ನು ಸುತ್ತಲಿನ ಗಾಳಿಯೇ ಕೊಡುತ್ತದೆ, ಅಷ್ಟರ ಮಟ್ಟಿಗೆ ಬೆವರು ದಂಡ. ಹನಿಯಾಗಿ ನೆಲಕ್ಕೆ ಬಿದ್ದರೆ ಪೂರ್ತಿ ದಂಡ.

ಹಾಗಾಗಿ ಎರಡು ಅಳತೆ ಒಟ್ಟಿಗೆ ಬೇಕು: ಎಷ್ಟು ಗ್ರಾಂ ನೀರು ಆವಿಯಾಯಿತು, ‘ಚರ್ಮ’ ಎಷ್ಟು ವಾಟ್ ಕಳೆದುಕೊಂಡಿತು. ಜವಳಿ ಪ್ರಯೋಗಾಲಯಗಳಲ್ಲಿ ಐಎಸ್‌ಒ 11092 ಮಾನಕದ ಬಿಸಿತಟ್ಟೆ ಇರುತ್ತದೆ. 35 ಡಿಗ್ರಿಯಲ್ಲಿ ಹಿಡಿದಿಟ್ಟ ಒದ್ದೆ ತಟ್ಟೆಯ ಮೇಲೆ ಬಟ್ಟೆ ಹಾಸಿ, ಸೆಕೆಂಡಿಗೆ 1 ಮೀಟರ್ ಗಾಳಿ ಬಿಟ್ಟು, ತಟ್ಟೆಗೆ ಎಷ್ಟು ವಿದ್ಯುತ್ ಬೇಕಾಯಿತು ಎಂದು ನೋಡುತ್ತಾರೆ. ಆದರೆ ಅಲ್ಲಿ ತಟ್ಟೆಗೂ ಬಟ್ಟೆಗೂ ನಡುವೆ ಸೆಲೊಫೇನ್ ಪೊರೆ ಇರುತ್ತದೆ. ಆವಿ ದಾಟುತ್ತದೆ, ನೀರು ದಾಟುವುದಿಲ್ಲ, ಬಟ್ಟೆ ಒದ್ದೆಯಾಗುವುದೇ ಇಲ್ಲ. ಬೆವರಿ ತೊಪ್ಪೆಯಾದ ಅಂಗಿಯ ಕಥೆ ಅದರಲ್ಲಿ ಬರುವುದಿಲ್ಲ. ಕೆಳಗಿನ ಉಪಕರಣದಲ್ಲಿ ಪೊರೆಯನ್ನು ಬೇಕೆಂದೇ ಕೈಬಿಟ್ಟಿದೆ: ಬಿಸಿನೀರಿನ ಡಬ್ಬ, ಅದರ ಮೇಲೆ ‘ಚರ್ಮ’ವಾಗಿ ಒದ್ದೆ ಹತ್ತಿ, ಅದರ ಮೇಲೆ ಪರೀಕ್ಷೆಯ ಬಟ್ಟೆಯ ತೋಳು, ಸುತ್ತ ಗಾಳಿ. ಚರ್ಮವನ್ನು 35 ಡಿಗ್ರಿಯಲ್ಲಿಡಲು ಹೀಟರ್ ಎಷ್ಟು ವಾಟ್ ಕೊಟ್ಟಿತು ಎಂಬುದೇ ಅಳತೆ.

ಡಬ್ಬ ಮತ್ತು ಹೀಟರ್

ನೇರ ಗೋಡೆಯ ಸ್ಟೀಲ್ ಡಬ್ಬ ಬೇಕು: ವ್ಯಾಸ 10 ಸೆಂ.ಮೀ., ಎತ್ತರ 20 ಸೆಂ.ಮೀ. ಪಕ್ಕದ ಗೋಡೆಯ ವಿಸ್ತೀರ್ಣ 0.063 ಚದರ ಮೀಟರ್ ಆಗುತ್ತದೆ. ಮುಂದಿನ ಎಲ್ಲ ಲೆಕ್ಕ ಈ ಸಂಖ್ಯೆಯ ಮೇಲೆ ನಿಂತಿದೆ, ಆದ್ದರಿಂದ ಕೈಗೆ ಸಿಕ್ಕ ಡಬ್ಬವನ್ನು ನಿಮ್ಮ ಟೇಪಿನಿಂದಲೇ ಅಳೆಯಿರಿ. ಹೊಟ್ಟೆ ಉಬ್ಬಿದ ಪಾತ್ರೆ, ಗೆರೆ ಒತ್ತಿದ ಡಬ್ಬ ಬೇಡ. ಬಿಗಿ ತೋಳು ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ತಳಕ್ಕೂ ಮುಚ್ಚಳಕ್ಕೂ 40 ಮಿ.ಮೀ. ಥರ್ಮೋಕೋಲ್ ಅಂಟಿಸಿದರೆ ಆ ಎರಡು ತುದಿಗಳಿಂದ ಸೋರುವ ಶಾಖ ಸುಮಾರು 0.15 ವಾಟ್‌ಗೆ ಇಳಿಯುತ್ತದೆ, ಮರೆಯಬಹುದು. ಒಳಗೆ 1.5 ಲೀಟರ್ ನೀರು.

ಹೀಟರ್‌ಗೆ 3ಡಿ ಪ್ರಿಂಟರ್‌ನ ಕಾರ್ಟ್ರಿಜ್ ಹೀಟರ್ ಎರಡು: 12 ವೋಲ್ಟ್, 40 ವಾಟ್, 6 ಮಿ.ಮೀ. ದಪ್ಪದ್ದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿಯಾಗಿ ಸಿಗುತ್ತದೆ. ಕೊಳ್ಳುವಾಗಲೇ ಮಲ್ಟಿಮೀಟರ್ ಹಚ್ಚಿ. 12 ವೋಲ್ಟಿನದು ಸುಮಾರು 3.6 ಓಮ್ ತೋರಿಸಬೇಕು, 14.4 ಓಮ್ ತೋರಿಸಿದರೆ ಅದು 24 ವೋಲ್ಟಿನದು, 12 ವೋಲ್ಟ್ ಕೊಟ್ಟಾಗ ಬರೀ 10 ವಾಟ್ ಕೊಡುತ್ತದೆ. ನೋಡಲು ಎರಡೂ ಅವಳಿ ಜವಳಿ. ನೇರವಾಗಿ ನೀರಿಗೆ ಇಳಿಸಬಾರದು. ಒಂದು ತುದಿ ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಕೊಳವೆಯಲ್ಲಿ ಥರ್ಮಲ್ ಪೇಸ್ಟ್ ತುಂಬಿ, ಹೀಟರ್ ತೂರಿಸಿ, ಆ ಕೊಳವೆಯನ್ನು ಮುಚ್ಚಳದಿಂದ ನೀರಿಗೆ ಇಳಿಬಿಡಿ. ಪ್ರತಿ ಹೀಟರ್‌ಗೂ ಸರಣಿಯಲ್ಲಿ 45 ಡಿಗ್ರಿಗೆ ಕಡಿಯುವ ಕೆಎಸ್‌ಡಿ9700 ಥರ್ಮೋಸ್ಟಾಟ್ ಒಂದೊಂದು.

ಇದು ಅತಿ ಜಾಗ್ರತೆಯಲ್ಲ. ನೀರಿನ ತಾಪ ಓದುವ ಡಿಎಸ್18ಬಿ20 ಸೆನ್ಸರ್‌ನ ತಂತಿ ಕಿತ್ತರೆ ಸಾಮಾನ್ಯ ಲೈಬ್ರರಿ (ಸೆನ್ಸರ್ ಓದುವ ಸಿದ್ಧ ಕೋಡ್) ಮೈನಸ್ 127 ಎಂದು ಕೊಡುತ್ತದೆ. ನಿಯಂತ್ರಕ ‘ಅಯ್ಯೋ, ನೀರು ಹಿಮಗಟ್ಟಿದೆ’ ಎಂದುಕೊಂಡು ಹೀಟರ್ ಪೂರ್ತಿ ತೆರೆದುಬಿಡುತ್ತದೆ. ಅದೇ ಸೆನ್ಸರ್ ವಿದ್ಯುತ್ ಹೋಗಿ ಬಂದ ಕ್ಷಣ 85 ಎಂದು ಓದುತ್ತದೆ. 10ಕ್ಕಿಂತ ಕಡಿಮೆ, 45ಕ್ಕಿಂತ ಹೆಚ್ಚು ಬಂದ ಯಾವ ಓದನ್ನೂ ನಂಬದೆ ಹೀಟರ್ ಆರಿಸುವ ಸಾಲು ಕೋಡ್‌ನಲ್ಲಿ ಮೊದಲು ಬರೆಯಿರಿ, ಉಳಿದದ್ದು ಆಮೇಲೆ.

ವಿದ್ಯುತ್‌ಗೆ 12 ವೋಲ್ಟ್ 10 ಆಂಪಿಯರ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ). ಸ್ವಿಚ್‌ಗೆ ಐಆರ್‌ಎಲ್‌ಜೆಡ್44ಎನ್ ಮಾಸ್‌ಫೆಟ್, ಮಿದುಳಿಗೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡ್. ಮಾಸ್‌ಫೆಟ್‌ನ ಹೆಸರಿನಲ್ಲಿ ‘ಎಲ್’ ಇರಲೇಬೇಕು. ಅಂಗಡಿಯವರು ‘ಎರಡೂ ಒಂದೇ ಸಾರ್’ ಎಂದು ಐಆರ್‌ಎಫ್‌ಜೆಡ್44ಎನ್ ಕೊಟ್ಟರೆ ಅದು ನ್ಯಾನೋ ಕೊಡುವ 5 ವೋಲ್ಟಿಗೆ ಪೂರ್ತಿ ತೆರೆಯದೆ ತಾನೇ ಬಿಸಿಯಾಗುತ್ತದೆ. ಎರಡೂ ಹೀಟರ್ ಉರಿದಾಗ 6.7 ಆಂಪಿಯರ್ ಹರಿಯುತ್ತದೆ. ಸಣ್ಣ ಹೀಟ್‌ಸಿಂಕ್ ಹಾಕಿ. ಸ್ಟೀಲ್ ಡಬ್ಬಕ್ಕೆ ಅರ್ಥ್ ತಂತಿ ಕೊಡಿ, ಎಸ್‌ಎಂಪಿಎಸ್ ಅನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ.

ಕರೆಂಟ್ ಅಳೆಯಲು ಐಎನ್‌ಎ219 ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಮಾಮೂಲಿ ಬೋರ್ಡ್ 3.2 ಆಂಪಿಯರ್‌ಗೇ ತುಂಬಿ ನಿಲ್ಲುತ್ತದೆ, ಇಲ್ಲಿ ಕೆಲಸಕ್ಕೆ ಬಾರದು. ಅದರ ಅಗತ್ಯವೂ ಇಲ್ಲ. ಹೀಟರ್‌ನ ಓಮ್ ಗೊತ್ತು, ವೋಲ್ಟ್ ಗೊತ್ತು, ಎಷ್ಟು ಮಿಲಿಸೆಕೆಂಡ್ ಉರಿಯಿತು ಎಂದು ನ್ಯಾನೋ ಎಣಿಸುತ್ತದೆ. ವೋಲ್ಟ್ ವರ್ಗ ಭಾಗಿಸು ಓಮ್, ಗುಣಿಸು ಉರಿದ ಪಾಲು, ಅಷ್ಟೇ. ಆದರೆ ವೋಲ್ಟನ್ನು ಹೀಟರ್ ಉರಿಯುತ್ತಿರುವಾಗ, ಹೀಟರ್‌ನ ಕಾಲಿನಲ್ಲೇ ಅಳೆಯಬೇಕು. ತೆಳು ತಂತಿಯಲ್ಲಿ 12 ಇದ್ದದ್ದು 11.6ಕ್ಕೆ ಇಳಿದರೆ ಶೇ. 6.6ರಷ್ಟು ವಾಟ್ ಲೆಕ್ಕದಲ್ಲೇ ಸುಳ್ಳಾಗುತ್ತದೆ. ಬಟ್ಟೆ ಬಟ್ಟೆಗೂ ಇರುವ ವ್ಯತ್ಯಾಸ ಕೆಲವೊಮ್ಮೆ ಅಷ್ಟೇ ಇರುತ್ತದೆ!

ನೀರು ಕಲಕದಿದ್ದರೆ ಬಿಸಿ ಮೇಲೆ, ತಣ್ಣನೆಯದು ಕೆಳಗೆ ಪದರಗಟ್ಟುತ್ತದೆ. ಮುಚ್ಚಳದ ಮೇಲೆ 100 ಆರ್‌ಪಿಎಂ ಗೇರ್ ಮೋಟರ್ ಕೂರಿಸಿ, ಪ್ಲಾಸ್ಟಿಕ್ ರೆಕ್ಕೆಯನ್ನು ಒಳಗೆ ಇಳಿಬಿಡಿ. ಅಕ್ವೇರಿಯಂ ಪಂಪ್ ಮುಳುಗಿಸಬೇಡಿ, ಅದು ತನ್ನ ಎರಡು ಮೂರು ವಾಟನ್ನು ನೀರಿಗೇ ಸುರಿಯುತ್ತದೆ. ಮೋಟರ್ ಕಡ್ಡಿ ಇಳಿಯುವ ತೂತಿಗೆ ಗ್ರೀಸ್ ಹಚ್ಚಿದ ಫೆಲ್ಟ್ ಬಳೆ ಹಾಕಿ; ಅಲ್ಲಿಂದ ಆವಿ ತಪ್ಪಿಸಿಕೊಂಡರೆ ಗ್ರಾಂ ಲೆಕ್ಕಕ್ಕೂ ವಾಟ್ ಲೆಕ್ಕಕ್ಕೂ ತಾಳೆ ತಪ್ಪುತ್ತದೆ.

ಚರ್ಮ ಮತ್ತು ಬೆವರು

ಚರ್ಮಕ್ಕೆ ಬಿಳಿ ಹತ್ತಿ ಬನಿಯನ್ ಬಟ್ಟೆಯ ತೋಳು, ಸುತ್ತಳತೆ 29 ಸೆಂ.ಮೀ.ಗೆ ಹೊಲಿದು 31.4 ಸೆಂ.ಮೀ.ಯ ಡಬ್ಬದ ಮೇಲೆ ಎಳೆದು ತೊಡಿಸುವುದು. ಹೊಸ ಹತ್ತಿ ನೀರು ಕುಡಿಯುವುದಿಲ್ಲ, ಮೇಣ ಮತ್ತು ಗಂಜಿ ಇರುತ್ತದೆ. ಲೀಟರಿಗೆ 5 ಗ್ರಾಂ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಾಡಿ. ಒಣಗಿದ ಮೇಲೆ ಒಂದು ಹನಿ ಬಿಟ್ಟು ನೋಡಿ: ಬಿದ್ದ ಕೂಡಲೇ ಇಂಗಬೇಕು. ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಿ.

ಬೆವರಿಗೆ ಆಸ್ಪತ್ರೆಯ ಸಲೈನ್ ಸೆಟ್. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ. ಇಡೀ ಮೈ 1.8 ಚದರ ಮೀಟರ್ ಎಂದೂ ಬಿರುಸು ವ್ಯಾಯಾಮದಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಎಂದೂ ಹಿಡಿದರೆ ನಮ್ಮ ಡಬ್ಬದ ಪಾಲು ಗಂಟೆಗೆ 35 ಮಿ.ಲೀ. ಅಂದರೆ ನಿಮಿಷಕ್ಕೆ 12 ಹನಿ. ಡಿಸ್ಟಿಲ್ಡ್ ನೀರನ್ನೇ ಬಳಸಿ. ಬೋರ್‌ವೆಲ್ ನೀರಿನಲ್ಲಿ ಕೆಲವೇ ದಿನಗಳಲ್ಲಿ ಚರ್ಮ ಸುಣ್ಣಗಟ್ಟಿ ರಟ್ಟಾಗುತ್ತದೆ.

ಹನಿಯನ್ನು ಸುತ್ತಲೂ ಹಂಚುವುದೇ ಇಡೀ ಕೆಲಸದಲ್ಲಿ ತಲೆನೋವಿನ ಭಾಗ. ಸಿಲಿಕಾನ್ ನಳಿಕೆಯನ್ನು ಬಳೆಯಾಗಿ ಸುತ್ತಿ ಸೂಜಿಯಿಂದ ತೂತು ಮಾಡುವುದು ಮೊದಲು ಹೊಳೆಯುವ ಉಪಾಯ, ಅದು ಕೈಕೊಡುತ್ತದೆ: ಬಳೆ ಒಂದು ಮಿ.ಮೀ. ವಾಲಿದರೂ ನೀರೆಲ್ಲ ತಗ್ಗಿನ ಕಡೆಯ ತೂತಿನಿಂದಲೇ ಹೋಗಿ, ಡಬ್ಬದ ಒಂದು ಪಕ್ಕ ಸೋರುತ್ತದೆ, ಇನ್ನೊಂದು ಒಣಗಿರುತ್ತದೆ. ಸರಿಯಾದ ಮದ್ದು ದೀಪದ ಬತ್ತಿ. ದಪ್ಪ ಹತ್ತಿ ಬತ್ತಿಯನ್ನು ಚರ್ಮದ ಜೊತೆಗೇ ಸೋಡಾದಲ್ಲಿ ಕುದಿಸಿ, ಡಬ್ಬದ ಮೇಲಂಚಿಗೆ ಎರಡು ಸುತ್ತು ಸುತ್ತಿ, ಮೂರು ಕಡೆ ಹನಿ ಬೀಳುವಂತೆ ವೈ ಕನೆಕ್ಟರ್‌ಗಳಿಂದ ನಳಿಕೆ ಕವಲೊಡೆಸಿ. ಬತ್ತಿ ತಾನೇ ಸುತ್ತಲೂ ಹಂಚಿಕೊಳ್ಳುತ್ತದೆ. ಬಾಟಲಿಯ ಮಟ್ಟ ಇಳಿದಂತೆ ಹನಿಯ ವೇಗವೂ ಇಳಿಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎಣಿಸಿ ತಿರುಗಣೆ ಸರಿಪಡಿಸಿ.

ಚರ್ಮದ ಕೆಳಗೆ, ಸ್ಟೀಲಿಗೆ ಅಂಟಿದಂತೆ ಅಲ್ಲ, ಬಟ್ಟೆಯ ಎಳೆಗೆ ಹೊಲಿದಂತೆ ಮೂರು ಗಾಜಿನ ಮಣಿಯ ಥರ್ಮಿಸ್ಟರ್‌ಗಳು (ತಾಪಕ್ಕೆ ತಕ್ಕಂತೆ ಓಮ್ ಬದಲಾಗುವ ಸೆನ್ಸರ್): ಮೇಲೆ, ನಡುವೆ, ಕೆಳಗೆ. ಪ್ರಿಂಟರ್‌ನ 100 ಕಿಲೋಓಮ್ 3950 ಥರ್ಮಿಸ್ಟರ್ ಸಾಕು. 35 ಡಿಗ್ರಿಯಲ್ಲಿ ಅದು ಸುಮಾರು 65 ಕಿಲೋಓಮ್ ಇರುವುದರಿಂದ ಜೋಡಿಗೆ 68 ಕಿಲೋಓಮ್ ರೆಸಿಸ್ಟರ್ ಹಾಕಿದರೆ ನ್ಯಾನೋ ಓದಬಲ್ಲ ಒಂದೊಂದು ಮೆಟ್ಟಿಲು ಸುಮಾರು 0.09 ಡಿಗ್ರಿ. 64 ಓದುಗಳ ಸರಾಸರಿ ತೆಗೆದರೆ ಇನ್ನೂ ನಯ. ಕಾಲುಗಳಿಗೆ ನೇಲ್ ಪಾಲಿಶ್ ಎರಡು ಕೈ ಬಳಿಯಿರಿ, ಇಲ್ಲವಾದರೆ ಒದ್ದೆ ಬಟ್ಟೆಯೇ ಕರೆಂಟ್ ದಾಟಿಸಿ ತಾಪ ಹೆಚ್ಚೆಂದು ತೋರಿಸುತ್ತದೆ.

ಈ ಥರ್ಮಿಸ್ಟರ್ ಯಾಕೆ, ನೀರಿನ ತಾಪ ಸಾಲದೇ? ಸಾಲದು. ಬರಿಮೈ ಡಬ್ಬ ಪೂರ್ತಿ ಒದ್ದೆಯಾಗಿ ಗಾಳಿಗೆ ನಿಂತಾಗ ಚದರ ಮೀಟರಿಗೆ 700–800 ವಾಟ್ ಹೊರಹೋಗುತ್ತಿರುತ್ತದೆ. ಅಷ್ಟು ಶಾಖ ನೀರಿನಿಂದ ಗೋಡೆಗೆ, ಗೋಡೆಯಿಂದ ಒದ್ದೆ ಬಟ್ಟೆಗೆ ದಾಟುವಾಗ ಎರಡು ಮೂರು ಡಿಗ್ರಿ ಕಳೆದುಹೋಗುತ್ತದೆ. ನೀರು 35 ಇದ್ದರೆ ಚರ್ಮ 32. ದಪ್ಪ ಬಟ್ಟೆ ತೊಡಿಸಿದಾಗ ಶಾಖ ಕಡಿಮೆ ಹರಿಯುವುದರಿಂದ ಚರ್ಮ 34. ಅಂದರೆ ಎರಡು ಬಟ್ಟೆಗಳನ್ನು ಎರಡು ಬೇರೆ ಚರ್ಮಗಳ ಮೇಲೆ ಅಳೆದಂತಾಯಿತು. ಐದು ನಿಮಿಷಕ್ಕೊಮ್ಮೆ ಚರ್ಮದ ಸರಾಸರಿ 35ರಿಂದ ಎಷ್ಟು ದೂರವಿದೆ ನೋಡಿ, ಅದರ ಅರ್ಧದಷ್ಟು ನೀರಿನ ಗುರಿ ಬದಲಿಸಿ. ಒಮ್ಮೆಗೇ ಪೂರ್ತಿ ಬದಲಿಸಿದರೆ ತೂಗುಯ್ಯಾಲೆ ಶುರುವಾಗುತ್ತದೆ.

ನೀರಿನ ನಿಯಂತ್ರಣಕ್ಕೆ ಸರಳ ಪಿಐ (ಈಗಿನ ತಪ್ಪನ್ನೂ, ಕೂಡುತ್ತ ಬಂದ ತಪ್ಪನ್ನೂ, ಅಂದರೆ ಇಂಟಿಗ್ರಲ್ ಅನ್ನೂ, ನೋಡಿ ಹೀಟರ್ ಹೊಂದಿಸುವ ವಿಧಾನ): ಒಂದು ಡಿಗ್ರಿ ತಪ್ಪಿಗೆ ಶೇ. 50 ಹೀಟರ್, ಇಂಟಿಗ್ರಲ್ ಕಾಲ 10 ನಿಮಿಷ, ಗುರಿಯ ಒಂದು ಡಿಗ್ರಿ ಒಳಗೆ ಬಂದ ಮೇಲಷ್ಟೇ ಇಂಟಿಗ್ರಲ್ ಆರಂಭ, ಎರಡು ಸೆಕೆಂಡಿನ ಕಿಟಕಿಯಲ್ಲಿ ಆನ್–ಆಫ್. 1.5 ಲೀಟರ್ ನೀರನ್ನು 80 ವಾಟ್ ಒಂದು ಡಿಗ್ರಿ ಏರಿಸಲು 78 ಸೆಕೆಂಡ್ ಬೇಕು, ಅವಸರ ಮಾಡಿ ಫಲವಿಲ್ಲ. ಫಲಿತಾಂಶ ಬರೆದುಕೊಳ್ಳುವಾಗಲೂ ಇದೇ ನೆನಪಿರಲಿ: ಡಿಎಸ್18ಬಿ20ಯ ಒಂದು ಮೆಟ್ಟಿಲು 0.0625 ಡಿಗ್ರಿ, ಅಂದರೆ ಡಬ್ಬದಲ್ಲಿ ಸುಮಾರು 390 ಜೂಲ್. ಹತ್ತು ನಿಮಿಷದ ಸರಾಸರಿಯಲ್ಲಿ ಅದು 0.65 ವಾಟ್ ಅನುಮಾನ, ಮೂವತ್ತು ನಿಮಿಷದ ಸರಾಸರಿಯಲ್ಲಿ 0.22. ಮೂವತ್ತಕ್ಕಿಂತ ಕಡಿಮೆ ಓಡಿಸಿದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಗಾಳಿ

40 ಸೆಂ.ಮೀ. ಚೌಕದ, ಒಂದು ಮೀಟರ್ ಉದ್ದದ ರಟ್ಟಿನ ಸುರಂಗ. ಒಂದು ತುದಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್, ನಡುವೆ ಡಬ್ಬ. ಫ್ಯಾನ್ ಗಾಳಿಯನ್ನು ಎಳೆಯಬೇಕು, ಊದಬಾರದು. ಊದಿದ ಗಾಳಿ ಸುಳಿಯುತ್ತ ಬರುತ್ತದೆ. ಅನಿಮೋಮೀಟರ್ ಹಿಡಿದು ರೆಗ್ಯುಲೇಟರ್ ತಿರುಗಿಸಿ ಸೆಕೆಂಡಿಗೆ 1 ಮೀಟರ್‌ಗೆ ನಿಲ್ಲಿಸಿ. ಗಂಟೆಗೆ 10 ಕಿ.ಮೀ. ಓಟದ ಗಾಳಿ ಇದಕ್ಕಿಂತ ಹೆಚ್ಚು, 2.8 ಮೀಟರ್. ಅದಕ್ಕೆ ದೊಡ್ಡ ಫ್ಯಾನೂ ದೊಡ್ಡ ಹೀಟರೂ ಬೇಕಾಗುತ್ತವೆ.

ಫ್ಯಾನಿನ ಬಾಯಿ ಕಿಟಕಿಯ ಹೊರಗಿರಲಿ. ಗಂಟೆಗೆ 60 ಗ್ರಾಂ ಆವಿಯನ್ನು ಹತ್ತು ಅಡಿ ಚೌಕದ ಮುಚ್ಚಿದ ಕೋಣೆಗೇ ಬಿಟ್ಟರೆ 25 ಡಿಗ್ರಿಯಲ್ಲಿ ತೇವಾಂಶ ಗಂಟೆಗೆ ಸುಮಾರು ಶೇ. 10 ಏರುತ್ತದೆ, ಬೆಳಗ್ಗೆ ಅಳೆದ ಬಟ್ಟೆಯೇ ಸಂಜೆ ಕೆಟ್ಟದ್ದಾಗಿ ಕಾಣುತ್ತದೆ. ಸುರಂಗದ ಬಾಯಲ್ಲಿ ಎಸ್‌ಎಚ್‌ಟಿ31 ಸೆನ್ಸರ್ ಇಟ್ಟು ತಾಪ ಮತ್ತು ತೇವಾಂಶ ಬರೆದುಕೊಳ್ಳಿ, ಆದರೆ ಹೋಲಿಕೆಗೆ ಶೇಕಡಾವಾರು ತೇವಾಂಶ ಬೇಡ, ಆವಿಯ ಒತ್ತಡ ಬೇಕು. ತಾಪವನ್ನು 17.27ರಿಂದ ಗುಣಿಸಿ, ತಾಪ ಮತ್ತು 237.3ರ ಮೊತ್ತದಿಂದ ಭಾಗಿಸಿ, ಅದರ ಎಕ್ಸ್‌ಪೊನೆನ್ಷಿಯಲ್ ತೆಗೆದು 0.6108ರಿಂದ ಗುಣಿಸಿದರೆ ತುಂಬು ಆವಿಯ ಒತ್ತಡ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ; ಗಾಳಿಗಾದರೆ ತೇವಾಂಶದ ಪಾಲಿನಿಂದ ಗುಣಿಸಿ. 35 ಡಿಗ್ರಿಯ ಒದ್ದೆ ಚರ್ಮದಲ್ಲಿ ಇದು 5.62. ಬೆಂಗಳೂರಿನ 25 ಡಿಗ್ರಿ, ಶೇ. 60ರ ಗಾಳಿಯಲ್ಲಿ 1.9. ಮಂಗಳೂರಿನ 30 ಡಿಗ್ರಿ, ಶೇ. 80ರಲ್ಲಿ 3.4. ಕಲಬುರಗಿಯ ಬೇಸಿಗೆಯ 40 ಡಿಗ್ರಿ, ಶೇ. 20ರಲ್ಲಿ 1.5. ಬೆವರನ್ನು ಎಳೆಯುವ ವ್ಯತ್ಯಾಸ ಕ್ರಮವಾಗಿ 3.7, 2.2, 4.1. ಕಲಬುರಗಿಯ ಬಿಸಿಲಲ್ಲಿ ಬೆವರು ಕಾಣಿಸದೆ ಹೋಗುವುದೂ ಮಂಗಳೂರಿನಲ್ಲಿ ಸುಮ್ಮನೆ ನಿಂತರೂ ಅಂಗಿ ಬೆನ್ನಿಗೆ ಅಂಟುವುದೂ ಈ ಮೂರು ಸಂಖ್ಯೆಗಳಲ್ಲಿದೆ. ಒಂದೇ ಅಂಗಿಯ ಬಗ್ಗೆ ಎರಡು ಊರಿನವರು ಜಗಳವಾಡಿದರೆ ಇಬ್ಬರೂ ಸರಿ ಇರಬಹುದು.

ಬಟ್ಟೆಗೆ ಮೊದಲು ಮೂರು ಪರೀಕ್ಷಾ ಓಟ

ಬರಿ ಡಬ್ಬ, ಒಣ ಚರ್ಮ: 25 ಡಿಗ್ರಿ ಗಾಳಿಯಲ್ಲಿ ಸುಮಾರು 10 ವಾಟ್ ಬರಬೇಕು. ಬರಿ ಡಬ್ಬ, ಪೂರ್ತಿ ಒದ್ದೆ ಚರ್ಮ, ನಿಮಿಷಕ್ಕೆ 30 ಹನಿ: ಬೆಂಗಳೂರಿನ ಆ ಗಾಳಿಯಲ್ಲಿ 50 ವಾಟ್ ಆಸುಪಾಸು. ಮೂರನೆಯದು, ಒದ್ದೆ ಚರ್ಮದ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತಿ, ಹನಿ ನಿಲ್ಲಿಸಿ: ವಾಟ್ ಮತ್ತೆ ಒಣ ಡಬ್ಬದ ಹತ್ತಿರಕ್ಕೆ ಬೀಳಬೇಕು. ಬೀಳದಿದ್ದರೆ ಆವಿ ಎಲ್ಲೋ ದಾರಿ ಕಂಡುಕೊಂಡಿದೆ, ಮುಚ್ಚಳದ ಅಂಚು ನೋಡಿ.

ಎರಡನೆಯ ಓಟದಲ್ಲಿ ಗ್ರಾಂ ಲೆಕ್ಕ ತಾಳೆ ಮಾಡಿ. ಚಿನ್ನದ ಅಂಗಡಿಯ 0.1 ಗ್ರಾಂ ತಕ್ಕಡಿಯಲ್ಲಿ ಬಾಟಲಿ ಎಷ್ಟು ಹಗುರಾಯಿತು ನೋಡಿ, ಕೆಳಗಿನ ತಟ್ಟೆಗೆ ಸೋರಿದ್ದನ್ನೂ ಬಟ್ಟೆಯಲ್ಲಿ ಉಳಿದದ್ದನ್ನೂ ಅದರಲ್ಲಿ ಕಳೆಯಿರಿ, ಉಳಿದದ್ದು ಆವಿ. ಗಂಟೆಗೆ 60 ಗ್ರಾಂ ಆವಿ ಅಂದರೆ 40 ವಾಟ್. ಒದ್ದೆ ವಾಟ್‌ನಿಂದ ಒಣ ವಾಟ್ ಕಳೆದದ್ದು ಇದಕ್ಕೆ ಶೇ. 10ರ ಒಳಗೆ ಹೊಂದಬೇಕು. ಹೊಂದಿದರೆ ಉಪಕರಣ ಸಿದ್ಧ.

ತೋಳುಗಳು

ಪರೀಕ್ಷೆಯ ಬಟ್ಟೆಯನ್ನು ಮೃದುಕಾರಕವಿಲ್ಲದೆ ಮೂರು ಸಲ ಒಗೆಯಿರಿ. ಮೃದುಕಾರಕ ಎಳೆಗಳಿಗೆ ಜಿಡ್ಡಿನ ಪೊರೆ ಹೊದಿಸಿ ನೀರು ಹರಡುವುದನ್ನು ನಿಲ್ಲಿಸುತ್ತದೆ. ಮನೆಯಲ್ಲಿ ದುಬಾರಿ ಜಿಮ್ ಅಂಗಿಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ. 10 ಸೆಂ.ಮೀ. ಚೌಕ ಕತ್ತರಿಸಿ ತೂಗಿ ನೂರರಿಂದ ಗುಣಿಸಿದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ; ಇದಕ್ಕೆ 0.01 ಗ್ರಾಂ ತಕ್ಕಡಿ ಬೇಕು. 180 ಜಿಎಸ್‌ಎಂ ಹತ್ತಿಯನ್ನೂ 130 ಜಿಎಸ್‌ಎಂ ಪಾಲಿಯೆಸ್ಟರನ್ನೂ ಹೋಲಿಸಿ ‘ಪಾಲಿಯೆಸ್ಟರ್ ಗೆದ್ದಿತು’ ಎನ್ನುವುದು ಮೋಸ, ಅಲ್ಲಿ ಗೆದ್ದದ್ದು ತೆಳುತನ ಇರಬಹುದು. ಒಂದೇ ದಪ್ಪದ ಜೋಡಿ ಹುಡುಕಿ.

ಹತ್ತಿ ಗಾಳಿಯ ತೇವದಿಂದಲೇ ತನ್ನ ತೂಕದ ಶೇ. 8.5ರಷ್ಟು ನೀರು ಹಿಡಿಯುತ್ತದೆ, ಪಾಲಿಯೆಸ್ಟರ್ ಬರೀ ಶೇ. 0.4. ಇದನ್ನೇ ಹಿಡಿದು ಪಾಲಿಯೆಸ್ಟರ್ ನೀರೇ ಹಿಡಿಯುವುದಿಲ್ಲ ಎಂದು ಬರೆಯುವವರಿದ್ದಾರೆ. ಅದು ಎಳೆಯ ಒಳಗಿನ ಮಾತು. ಎಳೆಗಳ ನಡುವಿನ ಸಂದಿಯಲ್ಲಿ ಎರಡೂ ಬೇಕಾದಷ್ಟು ನೀರು ತುಂಬಿಕೊಳ್ಳುತ್ತವೆ. ಹೆಣಿಗೆ ದಪ್ಪವಾದಷ್ಟೂ ಹೆಚ್ಚು. ಹೀಗೆ ಉಳಿದ ನೀರೇ ಓಟ ನಿಲ್ಲಿಸಿದ ಮೇಲಿನ ನಡುಕಕ್ಕೆ ಕಾರಣ. ಹನಿ ನಿಲ್ಲಿಸಿ ವಾಟ್ ನೋಡುತ್ತಿರಿ: ನಿಮಿಷಕ್ಕೆ ಒಂದು ಗ್ರಾಂ ಆವಿಯಾಗುತ್ತಿದ್ದರೆ, 20 ಗ್ರಾಂ ಉಳಿಸಿಕೊಂಡ ತೋಳು ಇನ್ನೂ ಇಪ್ಪತ್ತು ನಿಮಿಷ ಬೇಡವಾದರೂ ಚರ್ಮದ ಶಾಖ ಹೀರುತ್ತಲೇ ಇರುತ್ತದೆ.

ಬಿಗಿ ತೋಳಿಗೆ ಸುತ್ತಳತೆ 28 ಸೆಂ.ಮೀ., ಸಡಿಲಕ್ಕೆ 44, ಮೇಲೆ ತಂತಿಯ ಬಳೆಯಿಂದ ತೂಗುಬಿಡಿ. 44 ಅಂದರೆ ಸುತ್ತ ಎರಡು ಸೆಂ.ಮೀ. ಸಂದಿ, ಅದರಲ್ಲಿ ಗಾಳಿ ಓಡಾಡಬಹುದು. ಐದು ಆರು ಮಿ.ಮೀ. ಸಂದಿ ಎಲ್ಲಕ್ಕಿಂತ ಕೆಟ್ಟದ್ದು: ಗಾಳಿ ಕದಲುವುದೂ ಇಲ್ಲ, ಬಟ್ಟೆ ಚರ್ಮ ಮುಟ್ಟಿ ಬೆವರು ಎಳೆಯುವುದೂ ಇಲ್ಲ. ತೊಡಿಸಿದ ಮೊದಲ ಅರ್ಧ ಗಂಟೆಯ ಓದು ಬಿಟ್ಟುಬಿಡಿ. ಒಣ ಹತ್ತಿ, ಉಣ್ಣೆ ಆವಿ ಹೀರುವಾಗ ತಾವೇ ಬೆಚ್ಚಗಾಗಿ ವಾಟನ್ನು ಕೆಳಗಿಳಿಸುತ್ತವೆ.

ಪ್ರತಿ ತೋಳಿಗೂ ಒಣ ಓಟ ಒಂದು, 12 ಹನಿಯ ಓಟ ಒಂದು. ಗಂಟೆಗೆ 30 ಗ್ರಾಂ ಆವಿಯಾಯಿತು ಎಂದಿಟ್ಟುಕೊಳ್ಳಿ: ಲೆಕ್ಕಕ್ಕೆ 20 ವಾಟ್. ಹೀಟರ್ ಮಾತ್ರ ಒಣ ಓಟಕ್ಕಿಂತ 15 ವಾಟ್ ಹೆಚ್ಚು ಕೊಟ್ಟಿದ್ದರೆ ಆ ಬಟ್ಟೆಯ ತಣಿಸುವ ದಕ್ಷತೆ 0.75. ಬೆವರನ್ನು ಹೊರಪದರಕ್ಕೆ ಸಾಗಿಸುವ ಎರಡು ಪದರದ ಬಟ್ಟೆಯಲ್ಲಿ ಇದು ಬೀಳುತ್ತದೆ, ಅದೂ ಹೊರಪದರ ಚರ್ಮದಿಂದ ದೂರವಾದಷ್ಟೂ. ಚರ್ಮಕ್ಕೆ ಅಂಟಿದ ಒಂದೇ ತೆಳು ಪದರದಲ್ಲಿ ಒಂದರ ಹತ್ತಿರ ನಿಲ್ಲುತ್ತದೆ. ಒಂದನ್ನು ದಾಟಿದರೆ ಗಾಬರಿ ಬೇಡ: ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಚೆನ್ನಾಗಿ ಶಾಖ ದಾಟಿಸುತ್ತದೆ, ಒಣ ಓಟದ ಲೆಕ್ಕ ಅದನ್ನು ಹಿಡಿಯುವುದಿಲ್ಲ. ತಂಪು ಗಾಳಿಯಲ್ಲಿ ವಿಂಡ್‌ಚೀಟರ್ ತೊಡಿಸಿದಾಗಲೂ ಹೀಗಾಗುತ್ತದೆ. ಆವಿ ಅದರ ಒಳಮೈಯಲ್ಲಿ ಮತ್ತೆ ನೀರಾಗಿ ಅಲ್ಲಿಗೆ ಶಾಖ ಒಪ್ಪಿಸುತ್ತದೆ, ತೂಕ ಕಡಿಮೆಯಾಗದೆಯೇ ಚರ್ಮ ಶಾಖ ಕಳೆದುಕೊಳ್ಳುತ್ತದೆ.

ತೂಕ ಇಳಿಸಲೆಂದು ಮಾರುವ ‘ಸೌನಾ ಸೂಟ್’ ಬಟ್ಟೆಯ ತುಂಡನ್ನೂ ಒಮ್ಮೆ ತೊಡಿಸಿ. ವಾಟ್ ಕ್ಲಿಂಗ್ ಫಿಲ್ಮ್ ಓಟದ ಪಕ್ಕಕ್ಕೇ ಬರುತ್ತದೆ, ತಟ್ಟೆಯಲ್ಲಿ ನೀರು ತುಂಬುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್–ಡಿಸೆಂಬರ್‌ನಲ್ಲಿ ತೂಕ ಇಳಿಸಲು ಹೊರಟ ಮೂವರು ಕಾಲೇಜು ಕುಸ್ತಿಪಟುಗಳು ಸತ್ತ ಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಕುಸ್ತಿಯಲ್ಲಿ ಇಂಥ ರಬ್ಬರ್ ಸೂಟ್ ನಿಷೇಧಿಸಿತು. ಡಬ್ಬಕ್ಕೆ 45 ಡಿಗ್ರಿಯ ಥರ್ಮೋಸ್ಟಾಟ್ ಇದೆ, ಮೈಗಿಲ್ಲ.

ಈ ಡಬ್ಬ ಕೈಕಾಲು ಆಡಿಸುವುದಿಲ್ಲ. ಓಡುವಾಗ ಸಡಿಲ ಅಂಗಿ ತಿದಿಯಂತೆ ಗಾಳಿ ಒತ್ತಿ ಎಳೆಯುತ್ತದೆ, ಆ ಲಾಭ ಇಲ್ಲಿ ಕಾಣದು. ಸಡಿಲ ತೋಳಿಗೆ ಬಂದ ಅಂಕ ನಿಜಕ್ಕಿಂತ ಕಡಿಮೆ ಎಂದೇ ಓದಿ. ಬಿಸಿಲೂ ಇಲ್ಲ, ಹಾಗಾಗಿ ಕಪ್ಪು–ಬಿಳಿ ಬಣ್ಣದ ವಾದಕ್ಕೆ ಇದರಲ್ಲಿ ಉತ್ತರವಿಲ್ಲ.

ಓಟ ಮುಗಿದ ದಿನವೇ ಚರ್ಮದ ತೋಳನ್ನೂ ಬತ್ತಿಯನ್ನೂ ಕಳಚಿ ಕುದಿಸಿ ಒಣಗಿಸಿ. 35 ಡಿಗ್ರಿಯ ಒದ್ದೆ ಹತ್ತಿ ರಾತ್ರಿ ಕಳೆಯುವಷ್ಟರಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ, ಲೋಳೆಗಟ್ಟಿದ ಬತ್ತಿ ಮರುದಿನ ಒಂದೇ ಪಕ್ಕಕ್ಕೆ ನೀರು ಬಿಡುತ್ತದೆ.